ರಾಕ್ ಗಿಟಾರ್ ಸೋಲುಗಳ ಶ್ರೇಯಾಂಕ

ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಅತ್ಯುತ್ತಮ ರಾಕ್ ಗಿಟಾರ್ ಸೋಲುಗಳಿಗೆ ಶ್ರೇಯಾಂಕ ನೀಡಲು ತುಮಕೂರಿನ ಸದಾಶಿವನಗರದಲ್ಲೊಂದು ಸಮಿತಿ ಇದೆ. ತಂಡದವರೆಲ್ಲ ದನಿ ತಗ್ಗಿಸಿದಾಗ ಒಬ್ಬನೇ ನುಡಿಸುವುದಕ್ಕೆ ಸೋಲೋ ಎನ್ನುತ್ತಾರೆ. ಸುತ್ತೋಲೆಯಲ್ಲಿ ಅದು ‘ಸೋಲು’ ಎಂದು ಟೈಪಾಗಿತ್ತು. ಆಗಲೇ ಸೀಲು ಬಿದ್ದಿದ್ದರಿಂದ ಅಕ್ಷರವನ್ನು ಬಿಟ್ಟು ನಿಯಮಗಳನ್ನು ತಿದ್ದಲಾಯಿತು.

ಕುಣಿಗಲ್ ತಾಲ್ಲೂಕಿನ ಅಮೃತೂರಿನ ನಾಗಭೂಷಣ್‌ಗೆ ಇದು ಗೊತ್ತಾದದ್ದು ಸ್ಪರ್ಧೆ ಮುಗಿದು ಗೋಡೆಗೆ ಪಟ್ಟಿ ಅಂಟಿಸಿದ ಮೇಲೆ. ತೋಟದ ಪಂಪ್‌ಹೌಸಿನಲ್ಲಿ ಮೂರು ವರ್ಷ ಬೆರಳು ಸವೆಸಿದ್ದವನು ಹನ್ನೊಂದನೆಯವನಾಗಿ, ಅಂದರೆ ಕೊನೆಯವನಾಗಿ ನಿಂತಿದ್ದ. ಮೊದಲು ಬಂದವನಿಗೆ ಮಾತ್ರ ತುಮಕೂರಿನ ದೊಡ್ಡ ವೇದಿಕೆಯಲ್ಲಿ ಹತ್ತು ನಿಮಿಷ. ಅವನಿಗೆ ಬೇಕಾಗಿದ್ದುದು ಅದೊಂದೇ.

“ಸಾರ್, ಗುಬ್ಬಿ ಮುತ್ತುರಾಜಂದು ತಂತಿ ಕಿತ್ತೋಯ್ತು, ಆಮೇಲೆ ಕರೆಂಟೂ ಹೋಯ್ತು. ಅವ್ನು ಹೆಂಗೆ ಫಸ್ಟು?”

“ಅದಕ್ಕೇ ಕಣಪ್ಪ ಫಸ್ಟು,” ಎಂದರು ಕಾರ್ಯದರ್ಶಿ ಶಿವರಾಮಯ್ಯನವರು. “ಅಂಥ ಸೋಲು ಈ ಸೀಮೇಲೇ ಆಗಿಲ್ಲ. ನಿಂದಕ್ಕೆ ಜನ ಎದ್ದು ನಿಂತು ಚಪ್ಪಾಳೆ ಹೊಡೆದವ್ರೆ. ಫೈಲಲ್ಲಿ ಫೋಟೋ ಐತೆ.”

“ಅದು ಸೋಲು ಅಲ್ಲ ಸಾರ್, ಸೋಲೋ!”

“ಸೋಲೋ ಅಂದ್ರೂ ಸೋಲೋದೇ ತಾನೆ?”

ಕುಣಿಗಲ್ ಸದಸ್ಯೆ ಪ್ರಮೀಳಾ ಮೇಜು ಕುಟ್ಟಿದರು. “ಸೋಲೋದ್ರಲ್ಲಿ ನಮ್ಮ ತಾಲ್ಲೂಕು ಯಾರಿಗೂ ಕಮ್ಮಿ ಇಲ್ಲ! ಅಪೀಲು ಹಾಕೋ ನಾಗ.”

ಹಾಕಿದ, ಮೂರು ಪ್ರತಿಗಳಲ್ಲಿ. ಆದೇಶ ಹೀಗೆ ಬಂತು: ‘ಮೇಲ್ಮನವಿಯನ್ನು ವಜಾ ಮಾಡಲಾಗಿದೆ. ಜನರೆದುರು ಗೆದ್ದು ಸಮಿತಿಯೆದುರು ಸೋತಿರುವ ಕಾರಣ, ಇದು ತಂತಿ ಹರಿದದ್ದಕ್ಕಿಂತ ದೊಡ್ಡ ಸೋಲೆಂದು ಪರಿಗಣಿಸಿ, ಅರ್ಜಿದಾರರಿಗೆ ಪ್ರಥಮ ಸ್ಥಾನ ನೀಡಲಾಗಿದೆ. ವೇದಿಕೆಯಲ್ಲಿ ಒಂದೇ ಒಂದು ಚಪ್ಪಾಳೆ ಬಿದ್ದರೂ ಸ್ಥಾನವು ಶ್ರೀ ಮುತ್ತುರಾಜ್ ಅವರಿಗೆ ಮರಳುವುದು.’

ಆ ಭಾನುವಾರ ನಾಗಭೂಷಣ್ ಗಿಟಾರಿಗೆ ಕೈಮುಗಿದು ನುಡಿಸಿದ. ಹಿಂದೆಂದೂ ಅಷ್ಟು ಚೆನ್ನಾಗಿ ನುಡಿಸಿರಲಿಲ್ಲ. ಕೊನೆಯ ಸ್ವರ ಇಳಿದಾಗ ಅಮೃತೂರಿನಿಂದ ಬಸ್ಸು ಮಾಡಿಕೊಂಡು ಬಂದವರೆಲ್ಲ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕೂತಿದ್ದರು. ತಾಯಿ ಶಕುಂತಲಮ್ಮ ಎರಡು ಕೈಗೂ ಸೆರಗು ಸುತ್ತಿಕೊಂಡಿದ್ದರು.

ಮುಂದಿನ ಸಾಲಿನಲ್ಲಿ ಮುತ್ತುರಾಜನ ಕೈಗಳು ಮೇಲೆದ್ದವು. ಅಮೃತೂರಿನವರೆಲ್ಲ ಅತ್ತ ತಿರುಗಿದರು.

“ಇಂಥ ಸೋಲು ನನ್ ಕೈಲಾಗಕಿಲ್ಲ ಬುಡಿ,” ಎಂದು ಅವನು ಕೈಗಳನ್ನು ಜೇಬಿಗಿಳಿಸಿದ.

ಶಿವರಾಮಯ್ಯನವರು ‘ಚಪ್ಪಾಳೆ: ಇಲ್ಲ’ ಎಂದು ಬರೆದು, ಸೀಲು ಒತ್ತಿ, ನಾಗಭೂಷಣನ ಬೆನ್ನು ತಟ್ಟಿದರು.

“ಬಹಳ ಚೆನ್ನಾಗಿ ಸೋತೆ ಕಣಪ್ಪ.”

“ಎಲ್ಲಾ ದೇವ್ರ ದಯೆ ಸಾರ್,” ಎಂದ ನಾಗಭೂಷಣ್, ಕಣ್ಣೊರೆಸಿಕೊಂಡು.