ಕಾರು ಹೊಳೆದದ್ದೂ ಅತ್ತೆ ಜಾರಿದ್ದೂ

"ಇನ್ನು ಮುಂದೆ ನಮ್ಮ ಕಾರಿನ ಮೈಮೇಲೆ ಪರರ ಕೈ ಬೀಳಕೂಡದು! ಪ್ರತಿ ಭಾನುವಾರ ನಾನೇ ತೊಳೀತೀನಿ, ನಾನೇ ಒರೆಸ್ತೀನಿ, ನಾನೇ ಪಾಲಿಶ್ ಮಾಡ್ತೀನಿ. ನೀನು ಕನ್ನಡಿ ಬಿಟ್ಟು ಬಾನೆಟ್ ಮುಂದೆ ನಿಂತು ತಲೆ ಬಾಚ್ಕೋಬೇಕು, ಹಾಗೆ!"

ನಾನು ಹೀಗೆ ಘೋಷಿಸಿದಾಗ ನನ್ನ ಹೆಂಡತಿ ಬಟ್ಟೆ ಮಡಚುತ್ತಿದ್ದಳು. ತಲೆ ಎತ್ತಲಿಲ್ಲ.

"ಮೊದಲು ನಿಮ್ಮ ಶೂ ಒರೆಸ್ಕೊಳ್ಳಿ," ಎಂದಳು.

ಮಹಾಕಾರ್ಯಗಳೆಲ್ಲ ಹೀಗೆ ಅವಮಾನದಿಂದಲೇ ಶುರುವಾಗುವುದು!

ವೃತ್ತಿಯಲ್ಲಿ ನಾನು ಕಟ್ಟಡಗಳ ನಕ್ಷೆ ಬರೆಯುವವನು. ನಕ್ಷೆಯಿಲ್ಲದೆ ಹಲ್ಲು ಕೂಡ ಉಜ್ಜುವವನಲ್ಲ. ಅಂದೇ ಮೇಜಿನ ಮೇಲೆ ದೊಡ್ಡ ಹಾಳೆ ಹರಡಿ, ಕಾರನ್ನು ಮೇಲಿನಿಂದ, ಮುಂದಿನಿಂದ, ಪಕ್ಕದಿಂದ ಬರೆದು ಹದಿನೆಂಟು ವಲಯಗಳಾಗಿ ವಿಂಗಡಿಸಿದೆ. ಎರಡು ಬಕೆಟ್ ಬಂದವು: ಒಂದು ಸೋಪಿನ ನೀರಿಗೆ, ಇನ್ನೊಂದು ಕೊಳೆಬಟ್ಟೆ ಜಾಲಿಸಲು. ಗಾಜಿಗೊಂದು ಬಟ್ಟೆ, ಬಾಗಿಲಿಗೊಂದು ಬಟ್ಟೆ, ಚಕ್ರಕ್ಕೆ ಬ್ರಷ್ಷು, ಮೈಗೆ ಮೇಣ, ಡ್ಯಾಶ್‌ಬೋರ್ಡಿಗೆ ಪಾಲಿಶ್. ಏಸಿ ಕಿಂಡಿಗಳ ಧೂಳು ತೆಗೆಯಲು ನನ್ನ ಸ್ವಂತ ಬಣ್ಣದ ಕುಂಚವನ್ನೇ ಬಲಿಕೊಟ್ಟೆ.

ಮೊದಲ ಭಾನುವಾರ ಐದೂವರೆ ಗಂಟೆ ದುಡಿದೆ. ನಮ್ಮ ಮನೆಯ ಮಹಡಿಯಲ್ಲಿ ನಿವೃತ್ತ ಗಣಿತದ ಮೇಷ್ಟ್ರೊಬ್ಬರಿದ್ದಾರೆ. ಅವರು ಬಾಲ್ಕನಿಯಿಂದ ಬಗ್ಗಿ, "ಏನ್ರೀ, ಕಾರನ್ನ ಹೆಣ್ಣು ನೋಡೋಕೆ ಬರ್ತಿದಾರಾ?" ಎಂದರು. ನಾನು ನಕ್ಕು ಟೈರಿನ ಅಕ್ಷರಗಳ ಸಂದಿಯನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ಕಾರು ಫಳಫಳ ಎಂದಿತು. ನಾನು ಹೊರಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಅದನ್ನೇ ನೋಡುತ್ತ ಕೂತೆ. ಆಗ ಒಂದು ಕಾಗೆ ಬಂತು. ಮುಂದಿನದು ಹೇಳಬೇಕಾಗಿಲ್ಲ.

ಎರಡನೇ ಭಾನುವಾರ ನಾಲ್ಕು ಗಂಟೆ. ಮೂರನೆಯದಕ್ಕೆ ಎರಡು ಗಂಟೆ, ಜೊತೆಗೆ ಸೊಂಟನೋವು. ಸೋಮವಾರ ಆಫೀಸಿಗೆ ಹೋಗಿ ಬರುವಷ್ಟರಲ್ಲಿ ಭಾನುವಾರದ ಬೆವರೆಲ್ಲ ಮಣ್ಣುಪಾಲು! ಕಾರು ತೊಳೆಯುವುದೆಂದರೆ ಅದು ಮತ್ತೆ ಕೊಳೆಯಾಗಲು ಜಾಗ ಸಿದ್ಧಪಡಿಸುವುದು ಎಂಬ ಮಹಾಸತ್ಯ ನನಗೆ ಹೊಳೆಯಿತು. ಕಾರಿನ ಹೊಳಪೆಲ್ಲ ನನ್ನ ತಲೆಗೇ ಬಂದಂತಾಯಿತು.

ನಾಲ್ಕನೇ ಭಾನುವಾರ ಹೆಂಡತಿ ಕಾರಿನ ಸುತ್ತ ಒಂದು ಸುತ್ತು ಹಾಕಿ ನಿಂತಳು.

"ರೀ, ಎಡಗಡೆ ನಮ್ಮ ಕಾರು. ಬಲಗಡೆ ಯಾರದ್ದು?"

"ಬೀದಿಗೆ ಕಾಣೋದು ಎಡಗಡೆ ತಾನೇ!"

"ಹೊಸದರಲ್ಲಿ ಅಗಸ ಗೋಣೀನ ಎತ್ತೆತ್ತಿ ಒಗೆದನಂತೆ," ಎಂದು ಒಳಗೆ ಹೋದಳು.

ಐದನೆಯ ವಾರ ಮಳೆ ಬರಲೆಂದು ಕಾದೆ. ಬರಲಿಲ್ಲ. ಆರನೆಯ ವಾರ ಕಾರಿಗೊಂದು ಮುಸುಕು ತಂದು ಹೊದಿಸಿ, ಬಸ್ಸಿನಲ್ಲಿ ಆಫೀಸಿಗೆ ಹೋಗತೊಡಗಿದೆ. "ಕಾರು ವಿಶ್ರಾಂತಿ ತಗೋತಿದೆ," ಎಂದು ಕೇಳಿದವರಿಗೆಲ್ಲ ಹೇಳಿದೆ. ಯಾರೂ ಕೇಳಿರಲಿಲ್ಲ, ಅದು ಬೇರೆ ವಿಷಯ.

ಹೀಗಿರುವಾಗ ಒಂದು ಶುಕ್ರವಾರ ಸಂಜೆ ಹೆಂಡತಿ ಫೋನ್ ಇಟ್ಟು, ಮುಖ ಸಣ್ಣಗೆ ಮಾಡಿಕೊಂಡು ಬಂದಳು.

"ಅಮ್ಮ ನಾಳೆ ಹನ್ನೊಂದರ ರೈಲಿಗೆ ಬರ್ತಿದಾರೆ."

ನನ್ನ ಅತ್ತೆ ಮೂವತ್ನಾಲ್ಕು ವರ್ಷ ಆಸ್ಪತ್ರೆಯಲ್ಲಿ ಮುಖ್ಯ ನರ್ಸ್ ಆಗಿದ್ದವರು. ಮನೆಗೆ ಬಂದರೆ ಕಿಟಕಿಯ ಸರಳಿನ ಮೇಲೆ ಬೆರಳು ಓಡಿಸಿ, ಮೊದಲು ಬೆರಳನ್ನು ನೋಡಿ, ಆಮೇಲೆ ನನ್ನನ್ನು ನೋಡುತ್ತಾರೆ. ಮಾತಾಡುವುದಿಲ್ಲ. ಮಾತಾಡಿದ್ದರೆ ಎಷ್ಟೋ ವಾಸಿಯಿತ್ತು!

"ಬರಲಿ ಬಿಡು, ಆಟೋದಲ್ಲಿ..."

"ಆಟೋ ಅಂತೆ! ರೀ, ಎರಡು ತಿಂಗಳಿಂದ ನಾನು ಅಮ್ಮನ ಹತ್ರ ನಿಮ್ಮನ್ನ ಹೊಗಳ್ತಿದೀನಿ. ಪ್ರತಿ ವಾರ ಅವರೇ ಕಾರು ತೊಳೀತಾರೆ ಅಂತ. 'ಪರವಾಗಿಲ್ವೇ, ಅಳಿಯಂದ್ರು ಹಿಡಿದ ಕೆಲಸ ಬಿಡದೆ ಮಾಡ್ತಿದಾರೆ' ಅಂತ ಅಮ್ಮ ಎಷ್ಟು ಖುಷಿಪಟ್ರು ಗೊತ್ತಾ? ಈಗ ನನ್ನ ಮಾತು ಉಳಿಸಿ!"

ಆ ಕೊನೆಯ ಮಾತು ಆಜ್ಞೆಯಂತಿರಲಿಲ್ಲ, ಬೇಡಿಕೆಯಂತಿತ್ತು.

ಶನಿವಾರ ಬೆಳಗ್ಗೆ ಏಳಕ್ಕೆ ಮುಸುಕು ತೆಗೆದೆ. ಒಳಗಿದ್ದದ್ದು ಕಾರೋ, ಉತ್ಖನನದಲ್ಲಿ ಸಿಕ್ಕ ಅವಶೇಷವೋ! ಹದಿನೆಂಟು ವಲಯಗಳನ್ನೂ ಒಟ್ಟಿಗೆ ಆಕ್ರಮಿಸಿದೆ. ಕಾರು ಹೊಳೆಯಬೇಕಾದರೆ ಹೊಳೆಯಷ್ಟು ನೀರು ಬೇಕು ತಾನೇ? ಪೈಪನ್ನು ನೆಲಕ್ಕೆ ಹರಿಯಬಿಟ್ಟೇ ಕಾರಿನ ಒಳಗೆ ನುಗ್ಗಿದೆ. ಒಂದು ತಿಂಗಳು ಮಲಗಿದ್ದ ಉತ್ಸಾಹ ಎದ್ದು ಕುಣಿಯಿತು! ಡ್ಯಾಶ್‌ಬೋರ್ಡಿಗೆ ಪಾಲಿಶ್ ಹಚ್ಚಿ ನೋಡಿದರೆ ಬಾಟಲಿಯಲ್ಲಿ ಇನ್ನೂ ಮುಕ್ಕಾಲು ಉಳಿದಿತ್ತು. ಯಾಕೆ ಉಳಿಸಬೇಕು? ರೆಕ್ಸಿನ್ ಸೀಟುಗಳಿಗೆ ಹಚ್ಚಿದೆ. ಬಾಗಿಲ ಹಿಡಿಗಳಿಗೆ ಹಚ್ಚಿದೆ. ಎರಡೆರಡು ಸಲ ಹಚ್ಚಿದೆ. 'ಸೀಟುಗಳಿಗೆ ಬಳಸಬಾರದು' ಎಂದು ಬಾಟಲಿಯ ಬುಡದಲ್ಲಿ ಇರುವೆಗಾತ್ರದ ಅಕ್ಷರದಲ್ಲಿ ಬರೆದಿತ್ತು. ಅದನ್ನು ಓದಿದ್ದು ಮಾರನೇ ದಿನ.

ಅಷ್ಟರಲ್ಲಿ ಕರೆಂಟು ಹೋಯಿತು. ಹಿಂದೆಯೇ ಮಹಡಿಯಿಂದ ಒಂದು ಗರ್ಜನೆ!

"ನೀರೂ!"

ಬಾಲ್ಕನಿಯಲ್ಲಿ ಮೇಷ್ಟ್ರು. ಸೊಂಟಕ್ಕೆ ಟವೆಲ್, ತಲೆ ತುಂಬ ಬಿಳಿ ನೊರೆ, ಒಂದೇ ಕಣ್ಣು ತೆರೆದಿತ್ತು. ಎರಡೂ ಮನೆಗೆ ಇರುವುದು ಒಂದೇ ಟ್ಯಾಂಕ್ ಎಂಬುದು ನನಗೆ ಆಗ ನೆನಪಾಯಿತು.

"ಏನ್ರೀ ಸ್ವಾಮೀ, ಟ್ಯಾಂಕನ್ನೇ ಕುಡಿಸಿಬಿಟ್ರಾ ಆ ಕಾರಿಗೆ?"

"ಕರೆಂಟು ಬಂದ ತಕ್ಷಣ ಪಂಪ್ ಹಾಕ್ತೀನಿ ಮೇಷ್ಟ್ರೇ!"

"ಅಲ್ಲೀತನಕ ನಾನು ಕಣ್ಣು ಮುಚ್ಕೊಂಡು ಧ್ಯಾನ ಮಾಡ್ಲಾ?"

ಉತ್ತರ ಕೊಡಲು ಸಮಯವಿರಲಿಲ್ಲ. ಗಂಟೆ ಹತ್ತೂವರೆ! ಹೆಂಡತಿಯನ್ನು ಮುಂದಿನ ಸೀಟಿಗೆ ಹತ್ತಿಸಿ ಸ್ಟೇಷನ್ನಿಗೆ ಹೊರಟೆ.

"ರೀ, ಸೀಟು ಯಾಕೋ ಒಂಥರಾ ಇದೆ," ಎಂದಳು, ಬೆಲ್ಟನ್ನು ಬಿಗಿಯಾಗಿ ಹಿಡಿದು.

"ಅದಕ್ಕೇ ಹೊಳಪು ಅನ್ನೋದು!"

ಅತ್ತೆ ಸ್ಟೇಷನ್ನಿನಿಂದ ಒಂದೇ ಚೀಲ ಹಿಡಿದು ಬಂದರು. ಕಾರನ್ನು ಸುತ್ತಿದರು. ಬಾನೆಟ್ಟಿನ ಮೇಲೆ ಬೆರಳು ಓಡಿಸಿದರು, ಬೆರಳು ನೋಡಿದರು. ಶುಭ್ರ! ಚಕ್ರದ ಒಳಗೆ ಬೆರಳು ಹಾಕಿದರು. ಅಲ್ಲೂ ಶುಭ್ರ! ಮದುವೆಯಾದಂದಿನಿಂದ ಮೊದಲ ಬಾರಿಗೆ ನನ್ನ ಕಡೆ ನೋಡಿ ನಕ್ಕರು.

"ಭೇಷ್ ಅಳಿಯಂದ್ರೇ. ಆಪರೇಷನ್ ಥಿಯೇಟರ್ ಇದ್ದಂಗಿದೆ."

ನನ್ನ ಎದೆ ಶರ್ಟಿನ ಗುಂಡಿ ಕೀಳುವಷ್ಟು ಉಬ್ಬಿತು. ಹೆಂಡತಿ ನನ್ನನ್ನು ಹೊಸದಾಗಿ ನೋಡಿದವಳಂತೆ ನೋಡಿದಳು. ಈ ಸಾಮ್ರಾಜ್ಯ ಮೂರು ನಿಮಿಷ ಬಾಳಿತು.

ಮೊದಲ ತಿರುವಿನಲ್ಲಿ, ಹಿಂದಿನ ಸೀಟಿನಲ್ಲಿದ್ದ ಅತ್ತೆ ಎಡಬಾಗಿಲಿನಿಂದ ಬಲಬಾಗಿಲಿಗೆ ಜಾರಿ ಬಂದರು. "ನಿಧಾನ ಅಳಿಯಂದ್ರೇ," ಎಂದರು. ಎರಡನೇ ತಿರುವಿನಲ್ಲಿ ಮತ್ತೆ ಎಡಕ್ಕೆ ಹೋದರು. ಈ ಸಲ ಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡರು. ಮೂರನೆಯದು ತಿರುವಲ್ಲ, ರಸ್ತೆಗೆ ಅಡ್ಡ ಬಂದ ಬೆಕ್ಕು. ಬ್ರೇಕ್ ಒತ್ತಿದೆ. ಹಿಂದೆ 'ಸುಯ್' ಎಂಬ ಸದ್ದು. ಕನ್ನಡಿ ನೋಡಿದೆ. ಸೀಟು ಫಳಫಳ ಹೊಳೆಯುತ್ತಿತ್ತು. ಅತ್ತೆ ಇರಲಿಲ್ಲ!

"ಅಮ್ಮಾ!" ಹೆಂಡತಿ ಚೀರಿದಳು.

"ಇಲ್ಲೇ ಇದೀನಿ." ದನಿ ಕೆಳಗಿನಿಂದ ಬಂತು. ಎರಡು ಸೀಟುಗಳ ನಡುವಿನ ನೆಲದಲ್ಲಿ ಮಂಡಿ ಮಡಚಿ, ಚೀಲವನ್ನು ಎದೆಗವುಚಿ ಅತ್ತೆ ಕೂತುಬಿಟ್ಟಿದ್ದರು. ನಾನು ಇಳಿದು ಓಡಿ ಕೈ ಹಿಡಿದೆಳೆದೆ. ಪಾಲಿಶ್ ಮೆತ್ತಿದ್ದ ನನ್ನ ಕೈಯಿಂದ ಅವರ ಕೈ ಜಾರಿತು. ಅವರು ಬಾಗಿಲ ಹಿಡಿ ಹಿಡಿದರು. ಅದೂ ಜಾರಿತು. ಹೆಂಡತಿ ಸೀಟಿನ ಮೇಲೆ ಮಂಡಿಯೂರಿ ಎಳೆಯಲು ಹೋಗಿ ತಾನೇ ಅಮ್ಮನ ಮಡಿಲಿಗೆ ಜಾರಿದಳು.

"ಸಾಕು," ಎಂದರು ಅತ್ತೆ. "ಮೂಳೆ ಮುರಿದಿಲ್ಲ, ನಾನೇ ನೋಡ್ಕೊಂಡಿದೀನಿ. ಯಾರೂ ಮುಟ್ಟಬೇಡಿ. ಮನೆಗೆ ನಡೀರಿ."

ಆಮೆಯ ಓಟದಲ್ಲಿ ಹೊರಟೆವು. ಕಾರೊಳಗೆ ಕಾಣುತ್ತಿದ್ದದ್ದು ಇಬ್ಬರೇ. ಆಗಾಗ ಪಾತಾಳದಿಂದ, "ತಿರುಗೋ ಮುಂಚೆ ಹೇಳಿ," ಎಂಬ ಅಶರೀರವಾಣಿ.

ಗೇಟಿನಲ್ಲಿ ಮೇಷ್ಟ್ರು ಜಗಳಕ್ಕೆ ಸಜ್ಜಾಗಿ ನಿಂತಿದ್ದರು. ನೊರೆ ಒಣಗಿ ಕೂದಲೆಲ್ಲ ಮುಳ್ಳುಹಂದಿಯಂತೆ ಸೆಟೆದಿತ್ತು. ಅವರು ಬಾಯಿ ತೆರೆಯುವ ಮೊದಲೇ ಹಿಂದಿನ ಬಾಗಿಲು ತೆರೆಯಿತು.

"ಯಾರ್ರೀ ಅದು? ನಿಮ್ಮ ಕೈ ಒಣಗಿದೆಯಾ?"

"ಕೈ ಏನು ಬಂತು ತಾಯಿ, ತಲೆನೂ ಒಣಗಿದೆ!"

"ಹಾಗಾದ್ರೆ ಎಳೀರಿ."

ಮೇಷ್ಟ್ರು ಒಂದೇ ಎಳೆತಕ್ಕೆ ಎಳೆದು ನಿಲ್ಲಿಸಿದರು. ಅತ್ತೆ ಸೀರೆ ಸರಿಮಾಡಿಕೊಂಡು ಅವರ ತಲೆಯನ್ನು ದಿಟ್ಟಿಸಿ, "ಇದೇನು ಹೀಗಾಗಿದೆ?" ಎಂದು ಕೇಳಿದ್ದೇ ತಡ, ಮೇಷ್ಟ್ರು ಒಂದೂ ಅಂಕಿ ಬಿಡದೆ ಒಪ್ಪಿಸಿದರು.

"ಎರಡು ತಿಂಗಳಲ್ಲಿ ಪೂರ್ತಿ ತೊಳೆದದ್ದು ಮೂರು ಸಲ. ಅರ್ಧ ಒಂದು ಸಲ, ಅದೂ ಎಡಗಡೆ ಮಾತ್ರ. ಒಟ್ಟು ಮೂರೂವರೆ. ಇವತ್ತಿನದು ಸೇರಿಸಿದ್ರೆ ನಾಲ್ಕೂವರೆ, ಆದ್ರೆ ನನ್ನ ಸ್ನಾನ ಅರ್ಧ ಕಳೀಬೇಕು!"

ಹೆಂಡತಿ ನೆಲ ನೋಡುತ್ತಿದ್ದಳು. ಅವಳ ಕಿವಿ ಕೆಂಪಾಗಿತ್ತು. ನನ್ನ ಬಾಯಲ್ಲಿ ಮೂರು ನೆಪಗಳು ಸಿದ್ಧವಿದ್ದವು. ಮೂರನ್ನೂ ನುಂಗಿದೆ.

"ಇವಳದ್ದೇನೂ ತಪ್ಪಿಲ್ಲ ಅತ್ತೆ. ಮೂರನೇ ವಾರಕ್ಕೇ ನನಗೆ ಬೇಜಾರಾಗಿಹೋಯ್ತು. ಹೇಳ್ಕೊಳ್ಳೋಕೆ ನಾಚಿಕೆ ಆಯ್ತು."

ಅತ್ತೆ ಮೂಲೆಯತ್ತ ಬೆರಳು ತೋರಿಸಿದರು. "ಆ ಎರಡು ಬಕೆಟ್ ತಗೊಳ್ಳಿ," ಎಂದರು. "ಪಕ್ಕದ ಬೀದಿ ನಲ್ಲಿಯಿಂದ ನೀರು ತಂದು ಮೊದಲು ಇವರ ತಲೆ ಕಾಯಿರಿ." ಮಹಡಿಗೆ ಇಪ್ಪತ್ತೆರಡು ಮೆಟ್ಟಿಲು. ನಾಲ್ಕು ಸಲ ಹತ್ತಿದೆ. ನಾಲ್ಕನೆಯ ಸಲ ಅರ್ಧದಾರಿಯಲ್ಲಿ ಹೆಂಡತಿ ಸಿಕ್ಕಿ, ನನ್ನ ಕೈಯಿಂದ ಒಂದು ಬಕೆಟ್ ಇಸಿದುಕೊಂಡಳು. ಆ ಇಡೀ ದಿನದಲ್ಲಿ ನನಗೆ ಸಿಕ್ಕ ಲಾಭವೆಂದರೆ ಅದೊಂದೇ.

ಅತ್ತೆ ನಾಲ್ಕು ದಿನ ಇದ್ದರು. ಅಷ್ಟೂ ದಿನ ಸೀಟುಗಳನ್ನು ಸೋಪಿನಿಂದ ತಿಕ್ಕಿದೆ. ಊರಿಗೆ ಹೊರಡುವ ಬೆಳಗ್ಗೆ ಹಿಂದಿನ ಸೀಟಿಗೆ ದಪ್ಪ ಕಂಬಳಿ ಹಾಸಿ, ಬಾಗಿಲು ತೆರೆದು, ಅರಮನೆಯ ಸಾರಥಿಯಂತೆ ಬಗ್ಗಿ ನಿಂತೆ.

"ಬನ್ನಿ ಅತ್ತೆ. ಈಗ ನಿಶ್ಚಿಂತೆಯಾಗಿ ಕೂತ್ಕೋಬಹುದು."

ಅತ್ತೆ ನನ್ನನ್ನು ದಾಟಿ ಮುಂದೆ ಹೋದರು. ಗೇಟಿನಾಚೆ ಮೇಷ್ಟ್ರು ತಮ್ಮ ಹಳೇ ಸ್ಕೂಟರನ್ನು ಪಡಪಡ ಎನ್ನಿಸುತ್ತ ಕಾದಿದ್ದರು. ಅತ್ತೆ ಚೀಲವನ್ನು ಹೆಗಲಿಗೇರಿಸಿ, ಹೆಲ್ಮೆಟ್ ತೊಟ್ಟು, ಹಿಂದೆ ಹತ್ತಿ ಕೂತರು.

"ಅತ್ತೆ! ಇದೇನು ಇದು! ಆ ಸ್ಕೂಟರ್ ನೀರು ಕಂಡು ಎಷ್ಟು ವರ್ಷ ಆಯ್ತೋ! ಸೀಟಿನ ಮೇಲೆ ಬೆರಳುದ್ದ ಧೂಳಿದೆ!"

ಅತ್ತೆ ಹೆಲ್ಮೆಟ್ಟಿನೊಳಗಿಂದ ತಣ್ಣಗೆ ಹೇಳಿದರು:

"ಅದಕ್ಕೇ ಅಳಿಯಂದ್ರೇ. ಧೂಳಿದ್ರೆ ಕೂತೋರು ಕೂತಲ್ಲೇ ಇರ್ತಾರೆ!"