ಬೇಡ ಅನ್ನುವವರಿಲ್ಲದೆ ದೋಣಿ ಹತ್ತಿದ್ದು

ನನ್ನ ಸ್ವಭಾವವೇ ಒಂದು ಥರ. ಯಾರಾದರೂ ಬೇಡ ಅಂದರೆ ಮಾತ್ರ ನನಗೆ ಧೈರ್ಯ ಉಕ್ಕುತ್ತದೆ. "ಆಗಲಿ, ಹೋಗಿ ಬಾ" ಅಂದುಬಿಟ್ಟರೆ ಅದೇ ಧೈರ್ಯ ಚಪ್ಪಲಿ ಬಿಟ್ಟು ಒಳಗೆ ಹೋಗಿ ಮಲಗಿಕೊಳ್ಳುತ್ತದೆ. ಹಾಗಾಗಿ ನಾನು ಬದುಕಿನಲ್ಲಿ ಮಾಡಿದ ಸಾಹಸಗಳಿಗೆಲ್ಲ ಎದುರಿಗೆ ನಿಂತು ತಡೆಯುವವರೊಬ್ಬರು ಬೇಕಾಗಿತ್ತು. ಆ ಕೆಲಸವನ್ನು ನಮ್ಮಕ್ಕ ಒಂದು ದಿನವೂ ರಜೆ ಹಾಕದೆ ಮಾಡಿಕೊಂಡು ಬಂದಳು.

ಅಕ್ಕ ನನಗಿಂತ ಬಹಳ ದೊಡ್ಡವಳು. ಅಮ್ಮ ತೀರಿಕೊಂಡಾಗ ನಾನಿನ್ನೂ ಲಂಗ ಹಾಕುತ್ತಿದ್ದ ಹುಡುಗಿ. ಆವತ್ತಿನಿಂದ ನನಗೆ ಜಡೆ ಹಾಕುವುದರಿಂದ ಹಿಡಿದು ಬೈಯುವುದರವರೆಗೆ ಎಲ್ಲ ಅವಳದೇ. ಮದುವೆ ಅವಳಿಗೂ ಆಗಲಿಲ್ಲ, ನನಗೂ ಆಗಲಿಲ್ಲ. ಕೊಡಿಗೇಹಳ್ಳಿಯ ನಮ್ಮ ಹೊಲಗಳು ಬಡಾವಣೆಯಾದ ಮೇಲೆ ಸಹಕಾರನಗರದಲ್ಲಿ ಒಂದು ಮನೆ ಕಟ್ಟಿಕೊಂಡು, ಮೇಲಿನ ಮಹಡಿ ಬಾಡಿಗೆಗೆ ಕೊಟ್ಟು, ಕೆಳಗೆ ನಾವಿಬ್ಬರೂ ಇದ್ದೆವು. ನಾನು ಆರ್.ಟಿ. ನಗರದ ಶಾಲೆಯೊಂದರಲ್ಲಿ ಭೂಗೋಳ ಹೇಳಿಕೊಡುತ್ತಿದ್ದೆ. ಅಕ್ಕ ಮನೆಯಲ್ಲಿ ನನ್ನನ್ನು ನೋಡಿಕೊಳ್ಳುತ್ತಿದ್ದಳು, ಅಂದರೆ ತಡೆಯುತ್ತಿದ್ದಳು. ಸ್ಕೂಟರ್ ಕಲಿಯುತ್ತೇನೆ ಅಂದೆ, ಬೇಡ ಅಂದಳು. ಹಿಮಾಲಯಕ್ಕೆ ಹೋಗುತ್ತೇನೆ ಅಂದೆ, ಅದೂ ಬೇಡ. ನಾನು ವಾದ ಮಾಡಿ ಮಾಡಿ ಅರ್ಧ ಗೆಲ್ಲುತ್ತಿದ್ದೆ. ಸ್ಕೂಟರ್ ಕಲಿತೆ, ಆದರೆ ನಮ್ಮ ಬೀದಿಯೊಳಗೆ ಮಾತ್ರ ಓಡಿಸಿದೆ. ಹಿಮಾಲಯಕ್ಕೂ ಹೊರಟೆ, ಹರಿದ್ವಾರದವರೆಗೆ ಹೋಗಿ ವಾಪಸು ಬಂದೆ.

ಗೆಲ್ಲಲಾಗದೆ ಉಳಿದಿದ್ದು ದೋಣಿ ಒಂದೇ. ಕರಾವಳಿಯ ನದಿಗಳು ಸಮುದ್ರ ಸೇರುವ ಮುಂಚೆ ಅಗಲವಾಗಿ ಹರಡಿಕೊಂಡು ಹಿನ್ನೀರಾಗುತ್ತವಲ್ಲ, ಅದನ್ನು ಎಷ್ಟೋ ವರ್ಷ ಕಪ್ಪು ಹಲಗೆಯ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಬರೆದವಳು ನಾನು. ಒಂದು ಸಲವಾದರೂ ಆ ನೀರಿನಲ್ಲಿ ಸಣ್ಣ ದೋಣಿಯೊಂದರಲ್ಲಿ, ಕೆನೂ ಅನ್ನುತ್ತಾರಲ್ಲ, ಅದರಲ್ಲಿ ನಾನೇ ಹುಟ್ಟು ಹಾಕುತ್ತಾ ಹೋಗಬೇಕು, ಸಂಜೆ ದಡದಲ್ಲಿ ಟೆಂಟು ಹಾಕಿ ಮಲಗಬೇಕು ಎಂದು ಆಸೆ. ಪ್ರತಿ ಬೇಸಿಗೆ ರಜೆಗೂ ಈ ಮಾತು ತೆಗೆಯುತ್ತಿದ್ದೆ. ಅಕ್ಕನಿಗೆ ನೀರು ಅಂದರೆ ನಲ್ಲಿ, ಸಂಪು ಮತ್ತು ಟ್ಯಾಂಕರ್. ಅದರಾಚೆಗೂ ನೀರಿದೆ, ಜನ ಅದನ್ನು ಹುಡುಕಿಕೊಂಡು ಹೋಗುತ್ತಾರೆ ಅನ್ನುವುದೇ ಅವಳಿಗೆ ಅರ್ಥವಾಗುತ್ತಿರಲಿಲ್ಲ.

"ನಮ್ಮಪ್ಪ ನೀರ್‌ನಾಗೆ ಸೈಟ್ ಬಿಟ್ಟೋಗವ್ನೇನೇ, ಓಗಿ ನೋಡ್ಕೊಂಡ್ ಬರಾಕೆ? ಸುಮ್ನೆ ಇಲ್ಲೇ ಬಿದ್ದಿರು" ಎನ್ನುತ್ತಿದ್ದಳು.

ಅಲ್ಲಿಗೆ ಆ ವರ್ಷದ ಜಗಳ ಮುಗಿಯಿತು ಅಂತ ಲೆಕ್ಕ. ಆಮೇಲೆ ಇಬ್ಬರೂ ಕೂತು ಮಾವಿನಕಾಯಿ ಹೆಚ್ಚುತ್ತಿದ್ದೆವು.

ಕಳೆದ ಚಳಿಗಾಲದಲ್ಲಿ ಅಕ್ಕ ಹೋಗಿಬಿಟ್ಟಳು. ಜ್ವರ ಅಂತ ಮಲಗಿದಳು, ಉಸಿರಾಟ ಕಷ್ಟ ಅಂತ ಆಸ್ಪತ್ರೆಗೆ ಸೇರಿಸಿದೆ, ವಾಪಸು ಬರಲಿಲ್ಲ. ನಾನು ಅಳಲಿಲ್ಲ. ಅಳುವುದಕ್ಕೆ ಪುರುಸೊತ್ತೇ ಇರಲಿಲ್ಲ ಅನ್ನಿ. ಶಾಮಿಯಾನ ಎಲ್ಲಿ ಹಾಕಿಸುವುದು, ತಿಥಿಗೆ ಅಡಿಗೆಯವರು ಯಾರು, ಬಂದವರಿಗೆ ಕುಡಿಯುವ ನೀರಿನ ಕ್ಯಾನ್ ಎಷ್ಟು ಎಂದೆಲ್ಲ ಓಡಾಡುತ್ತಿದ್ದೆ. "ಏನ್ ಗಟ್ಟಿ ಹೆಂಗಸು" ಅಂತ ಎಲ್ಲರೂ ಹೊಗಳಿದರು. ಅಷ್ಟು ಜನ ಹೊಗಳಿದ ಮೇಲೆ ನಾನಾದರೂ ಹೇಗೆ ಅಳಲಿ?

ಬೇಸಿಗೆ ಬಂತು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅಭ್ಯಾಸಬಲದಿಂದ ಬಾಯಿಬಿಟ್ಟು ಅಂದೆ: "ಈ ಸಲ ದೋಣೀಲಿ ಹೋಗೇ ಹೋಗ್ತೀನಿ." ಫ್ಯಾನು ತಿರುಗುತ್ತಿತ್ತು, ಅಷ್ಟೆ. ಯಾರೂ ಏನೂ ಅನ್ನಲಿಲ್ಲ. ಬೇಡ ಅನ್ನದಿದ್ದರೆ ಒಪ್ಪಿಗೆ ಕೊಟ್ಟ ಹಾಗೆ ತಾನೇ? ಹೀಗೆ ನಾನು ಸಿಕ್ಕಿಹಾಕಿಕೊಂಡೆ.

ಇನ್ನೂ ಒಂದು ಆಸೆ ಇತ್ತು, ಯಾರಾದರೂ ತಡೆಯಬಹುದು ಅಂತ. ಮಹಡಿ ಮೇಲಿನ ಬಾಡಿಗೆಯ ಹುಡುಗಿ ದೀಪಾಗೆ ಹೇಳಿದೆ. "ಸೂಪರ್ ಆಂಟಿ! ಸೋಲೋ ಟ್ರಿಪ್ಪಾ? ನೀವು ಗ್ರೇಟ್" ಅಂದಳು. ಬಾಗಲಗುಂಟೆಯಲ್ಲಿರುವ ದೊಡ್ಡಪ್ಪನ ಮಗ ನಂಜುಂಡಣ್ಣನಿಗೆ ಫೋನ್ ಮಾಡಿದೆ. ಅವನು ಮನೆ ಕಟ್ಟಿಸಿ ಮಾರುವ ಕೆಲಸದವನು, ನಾಲ್ಕು ಜನ ಮೇಸ್ತ್ರಿಗಳ ಗಲಾಟೆಯ ನಡುವೆ "ಹೋಗ್ಬಾ ಕಣಮ್ಮ, ಮನಸ್ಸಿಗೂ ಒಂದ್ ಚೇಂಜ್ ಆಗ್ತದೆ" ಅಂದ. ಕೊನೆಗೆ ಡಾಕ್ಟರ ಹತ್ತಿರ ಹೋದೆ. ಮಂಡಿನೋವು ಇದೆ, ಬಿಪಿ ಇದೆ, ಇವರಾದರೂ ಕೈ ಅಡ್ಡ ಹಾಕುತ್ತಾರೆ ಅಂತ ನಂಬಿಕೆ. ಅವರು ಬಿಪಿ ನೋಡಿ, "ಧಾರಾಳವಾಗಿ ಹೋಗಿ ಮೇಡಂ, ಲೈಫ್ ಜಾಕೆಟ್ ಹಾಕ್ಕೊಳಿ, ಮಾತ್ರೆ ಮರೀಬೇಡಿ" ಎಂದು ನಕ್ಕರು. ಇಡೀ ಉತ್ತರ ಬೆಂಗಳೂರಿನಲ್ಲಿ ನನ್ನನ್ನು ಬೇಡ ಅನ್ನುವ ಒಂದು ಜೀವ ಉಳಿದಿರಲಿಲ್ಲ.

ಊರಾಚೆಯ ಕೆರೆಯೊಂದರಲ್ಲಿ ಕೆಲವು ಭಾನುವಾರ ಹುಟ್ಟು ಹಾಕಲು ಕಲಿತೆ. ಆಮೇಲೆ ಯಶವಂತಪುರದಲ್ಲಿ ರೈಲು ಹತ್ತಿ ಕುಂದಾಪುರದ ಕಡೆ ಇಳಿದೆ. ಭಾಸ್ಕರ ಅನ್ನುವವರು ಅಲ್ಲಿ ಪ್ರವಾಸಿಗಳಿಗೆ ದೋಣಿ, ಟೆಂಟು ಬಾಡಿಗೆಗೆ ಕೊಡುತ್ತಾರೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ನನ್ನ ಎದೆಯಲ್ಲಿ ಆಸೆ ಎದ್ದು ಕೂತಿತು. ಅವರು ಹೇಳಿದ್ದು ಮಾತ್ರ "ಟೋಪಿ ತಂದಿದ್ರ್ಯಾ? ಬಿಸಿಲು ಜೋರು" ಅಂತ.

ಸುಳ್ಳು ಯಾಕೆ ಹೇಳಲಿ, ಹಿನ್ನೀರು ಬಹಳ ಚೆನ್ನಾಗಿತ್ತು. ಎರಡೂ ದಡದಲ್ಲಿ ತೆಂಗು, ನೀರೊಳಗೆ ಬೇರು ಇಳಿಬಿಟ್ಟು ನಿಂತ ಕಾಂಡ್ಲಾ ಗಿಡಗಳು, ಅವುಗಳ ಮೇಲೆ ಸ್ಟಾಫ್ ಮೀಟಿಂಗಿಗೆ ಕೂತ ಮೇಷ್ಟ್ರುಗಳ ಹಾಗೆ ಬೆಳ್ಳಕ್ಕಿಗಳು. ನನ್ನ ದೋಣಿ ಮೊದಲು ಇದ್ದಲ್ಲೇ ಸುತ್ತಿತು, ಆಮೇಲೆ ಅದಕ್ಕೇ ಬೇಜಾರಾಗಿ ಮುಂದಕ್ಕೆ ಹೋಯಿತು. ಸಂಜೆಗೆ ಭಾಸ್ಕರ ಹೇಳಿದ್ದ ಮರಳ ದಿಬ್ಬ ಸೇರಿ ಟೆಂಟು ಬಿಚ್ಚಿದೆ. ಗಾಳಿಗೆ ಬಟ್ಟೆ ಹಾರುತ್ತಿತ್ತು. ಒಂದು ಮೂಲೆ ಗೂಟಕ್ಕೆ ಕಟ್ಟಿದರೆ ಇನ್ನೊಂದು ಮೂಲೆ ಮೇಲೇಳುತ್ತಿತ್ತು. ಮನೆಯಲ್ಲಿ ಒಗೆದ ಸೀರೆ ಮಡಿಸುವಾಗ ಅಕ್ಕ ಆ ತುದಿ, ನಾನು ಈ ತುದಿ. ಇಷ್ಟು ವರ್ಷದಲ್ಲಿ ಒಬ್ಬಳೇ ಒಂದು ಸೀರೆ ಮಡಿಸಿದವಳಲ್ಲ ನಾನು. ತಲೆ ಎತ್ತದೆ ಕೂಗಿದೆ: "ಅಕ್ಕಾ, ಆ ತುದಿ ಹಿಡ್ಕೋ."

ಕೂಗಿದ ಮೇಲೆ ನನಗೇ ಕೇಳಿಸಿತು. ಟೆಂಟನ್ನು ಹಾಗೇ ನೆಲಕ್ಕೆ ಬಿಟ್ಟು, ಅದರ ಮೇಲೇ ಕೂತು ಹುರಿಹಿಟ್ಟು ಕಲಸಿಕೊಂಡು ತಿಂದೆ. ಆವತ್ತು ನಾನು ಟೆಂಟಿನೊಳಗೆ ಮಲಗಲಿಲ್ಲ. ಅದನ್ನೇ ಹೊದ್ದುಕೊಂಡು ಮಲಗಿದೆ.

ಮರುದಿನ ಕಾಂಡ್ಲಾ ಗಿಡಗಳ ನಡುವಿನ ಸಣ್ಣ ಕವಲೊಂದಕ್ಕೆ ದೋಣಿ ತಿರುಗಿಸಿದೆ. ನೆರಳಿತ್ತು, ತಣ್ಣಗಿತ್ತು. ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಸ್ವಲ್ಪ ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟಾಗ ನೀರಿರಲಿಲ್ಲ. ದೋಣಿ ಇತ್ತು, ನಾನಿದ್ದೆ, ಸುತ್ತ ಕರ್ರಗೆ ಕೆಸರಿತ್ತು. ಸಮುದ್ರದ ನೀರು ಇಳಿಯುವಾಗ ಹಿನ್ನೀರೂ ಇಳಿಯುತ್ತದೆ ಎಂದು ನಾನೇ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆ. ಬರೆಯದವರಿಗೆ ಅಂಕ ಕಳೆದಿದ್ದೆ. ಇಳಿದು ತಳ್ಳೋಣ ಅಂತ ಒಂದು ಕಾಲು ಇಟ್ಟೆ, ಮಂಡಿಯವರೆಗೆ ಒಳಗೆ ಹೋಯಿತು. ಕಷ್ಟಪಟ್ಟು ಕಾಲು ಎಳೆದುಕೊಂಡೆ, ಚಪ್ಪಲಿ ಬರಲಿಲ್ಲ.

ಆಗ ಗಿಡಗಳ ಆಚೆಯಿಂದ ಒಬ್ಬ ಹೆಂಗಸು ಬಂದಳು. ಸೀರೆ ಎತ್ತಿ ಕಟ್ಟಿದ್ದಳು, ಬುಟ್ಟಿಯಲ್ಲಿ ಹೆಕ್ಕಿದ ಕಪ್ಪೆಚಿಪ್ಪು. ಸುಮಾರು ನನ್ನದೇ ವಯಸ್ಸು. ಆಮೇಲೆ ಹೆಸರು ಕೇಳಿದೆ, ಗುಲಾಬಿ ಅಂದಳು.

"ಎಂತ ಮಾರಾಯ್ರೆ, ಇಲ್ಲಿ ಬಂದ್ ಕೂತಿದ್ರಿ? ಒಬ್ರೆಯಾ?"

"ಹೌದಮ್ಮ, ಒಬ್ಬಳೇ."

"ಈ ಪ್ರಾಯದಲ್ಲಿ! ಮನೆಯಲ್ಲಿ ಯಾರೂ ಬ್ಯಾಡ ಅಂದ್ ಹೇಳ್ಲಿಲ್ಯಾ?"

ಅಷ್ಟೇ ಕೇಳಿದ್ದು ಅವಳು. ಇಲ್ಲ ಅನ್ನಲು ಬಾಯಿ ತೆಗೆದೆ. ಬಂದದ್ದು ಅಳು. ಸಣ್ಣ ಅಳುವಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಅಳಬೇಕಾಗಿದ್ದು, ಶಾಮಿಯಾನದ ಕೆಳಗೆ ಅಳಬೇಕಾಗಿದ್ದು, ಮಾವಿನಕಾಯಿ ಒಬ್ಬಳೇ ಹೆಚ್ಚುವಾಗ ಅಳಬೇಕಾಗಿದ್ದು, ಎಲ್ಲ ಒಟ್ಟಿಗೆ ಬಂತು. ಬೆಳ್ಳಕ್ಕಿಗಳು ಹಾರಿಹೋದವು. ನಾನು ಹೆದರಿ ಅಳುತ್ತಿದ್ದೇನೆ ಅಂದುಕೊಂಡು ಗುಲಾಬಿ ಬುಟ್ಟಿ ಕೆಳಗಿಟ್ಟು ಬಂದು ದೋಣಿಯ ಅಂಚು ಹಿಡಿದು ನಿಂತಳು.

"ಮರ್ಕ್‌ಬೇಡಿ, ಮರ್ಕ್‌ಬೇಡಿ. ನೀರ್ ತಿರ್ಗಿ ಬತ್ತ್ ಮಾರಾಯ್ರೆ. ಬರ್ದೆ ಎಲ್ಲಿಗ್ ಹೋತ್ತ್?"

ಅಲ್ಲಿ ಅಳುವುದಕ್ಕೆ ಮರ್ಕುವುದು ಅನ್ನುತ್ತಾರೆ. ಅಷ್ಟು ಅಳುವಿನ ನಡುವೆಯೂ ನನ್ನ ಮೇಷ್ಟ್ರ ಬುದ್ಧಿ ಆ ಪದವನ್ನು ಎತ್ತಿಟ್ಟುಕೊಂಡಿತು. "ನೀರಿಗಲ್ಲಮ್ಮ, ನಮ್ಮಕ್ಕನಿಗೆ" ಅಂದೆ. ಎಲ್ಲ ಹೇಳಿದೆ. ಅವಳು ಸಮಾಧಾನ ಹೇಳಲಿಲ್ಲ. ಬಾಟಲಿಯ ನೀರು ಕುಡಿಸಿದಳು, ಮುಖ ತೊಳೆದುಕೊಳ್ಳಿ ಅಂದಳು. ಆಮೇಲೆ ನಾನು ಮುಂದೆ ಎಲ್ಲಿಗೆ ಹೊರಟಿದ್ದೇನೆ ಅಂತ ಕೇಳಿದಳು. ಅಳಿವೆಯವರೆಗೆ, ಅಂದರೆ ನದಿ ಸಮುದ್ರ ಸೇರುವ ಜಾಗದವರೆಗೆ ಅಂದೆ.

ಗುಲಾಬಿ ಸೊಂಟದ ಮೇಲೆ ಕೈಯಿಟ್ಟಳು. "ಎಂತಕ್ಕೆ? ಅಳಿವೆ ಬದಿಗ್ ಹೋಪುದ್ ಬ್ಯಾಡ. ಸುಮ್ನೆ ಹಿಂದ್ ಹೋಯ್ನಿ."

ಬೇಡ! ಎಷ್ಟು ತಿಂಗಳಾಗಿತ್ತು ಆ ಮಾತು ಕೇಳಿ! ನನ್ನ ಬೆನ್ನು ನೆಟ್ಟಗಾಯಿತು. "ಯಾಕ್ರೀ ಬೇಡ? ಹೋಗೇ ಹೋಗ್ತೀನಿ. ಇಷ್ಟು ದೂರ ಬಂದು ಸುಮ್ನೆ ವಾಪಸು ಹೋಗ್ಲಾ?" ಅಂದೆ. ಅವಳು ಬೈದಳು, ನಾನು ತಿರುಗಿಸಿ ಹೇಳಿದೆ. ಅವಳು ಇನ್ನಷ್ಟು ಜೋರಾಗಿ ಬೈದಳು. ನೀರು ಏರಿ ದೋಣಿ ಅಲ್ಲಾಡುವವರೆಗೂ ಇಬ್ಬರೂ ಸುಖವಾಗಿ ಜಗಳವಾಡಿದೆವು. ಕೊನೆಗೆ ಯಾವತ್ತಿನ ಹಾಗೆ ಅರ್ಧಕ್ಕೆ ಒಪ್ಪಂದವಾಯಿತು. ಅಳಿವೆ ಕಣ್ಣಿಗೆ ಬೀಳುವವರೆಗೆ ಹೋಗಿ, ಅಲೆಯ ಬಿಳಿ ಗೆರೆಯನ್ನು ದೂರದಿಂದ ನೋಡಿ, ದೋಣಿ ತಿರುಗಿಸಿದೆ. ಇನ್ನೂ ಒಂದು ದಿನ ಉಳಿಯಬೇಕೆಂದಿದ್ದವಳು ಅವತ್ತೇ ರೈಲು ಹತ್ತಿದೆ.

ಮನೆಗೆ ಬಂದ ಮೇಲೆ ದುಃಖ ಕಡಿಮೆಯಾಯಿತೇ ಅಂದರೆ, ಇಲ್ಲ. ಮೊದಲು ಅದು ಎಲ್ಲಿದೆ ಅಂತ ಗೊತ್ತಿರಲಿಲ್ಲ, ಈಗ ಗೊತ್ತಿದೆ, ಅಷ್ಟೆ. ಸಂಜೆ ಹೊತ್ತು ಅಡಿಗೆಮನೆಯಲ್ಲಿ ನಿಂತು ಅಳುತ್ತೇನೆ, ಮುಖ ತೊಳೆದು ಅನ್ನಕ್ಕಿಡುತ್ತೇನೆ.

ಪ್ರವಾಸದ ಫೋಟೊ ಹಾಕಿ ಅಂತ ನೆಂಟರ ವಾಟ್ಸಾಪ್ ಗುಂಪಿನಲ್ಲಿ ಒಂದೇ ಸಮನೆ ಒತ್ತಾಯ. ಇದ್ದದ್ದು ಒಂದೇ, ಕೆಸರಿನಲ್ಲಿ ಸಿಕ್ಕಿಕೊಂಡು ಕೂತಿದ್ದಾಗ, ಅಕ್ಕನ ಫೋಟೊ ನೋಡಲು ನನ್ನ ಫೋನು ಇಸಕೊಂಡ ಗುಲಾಬಿ ಎಲ್ಲೋ ಒತ್ತಿ ಗೊತ್ತಿಲ್ಲದೆ ತೆಗೆದದ್ದು. ಟೋಪಿ ಓರೆಯಾಗಿದೆ, ಮೂಗು ಕೆಂಪಾಗಿದೆ, ಕಣ್ಣು ಮುಚ್ಚಿದೆ, ಬಾಯಿ ಅಗಲಕ್ಕೆ ತೆರೆದಿದೆ. ನಾಚಿಕೆಯಿಂದಲೇ ಕಳಿಸಿದೆ. "ಎಷ್ಟ್ ಖುಷಿಯಾಗಿ ನಗ್ತಿದ್ಯಾ ಕಣಮ್ಮ, ಯಾವಾಗ್ಲೂ ಇಂಗೇ ಇರು" ಎಂದು ನಂಜುಂಡಣ್ಣ ಬರೆದ. ದೀಪಾ ಕೆಳಗಿಳಿದು ಬಂದು, "ಆಂಟಿ, ಏನ್ ಗ್ಲೋ ಇದೆ ಮುಖದಲ್ಲಿ!" ಅಂದಳು. ಉಳಿದವರೆಲ್ಲ ಸಾಲಾಗಿ ಹೂವು, ಚಪ್ಪಾಳೆ ಕಳಿಸಿದರು. ನಾನು ಯಾರನ್ನೂ ತಿದ್ದಲಿಲ್ಲ. ಅದನ್ನೇ ಡಿಪಿ ಮಾಡಿಕೊಂಡಿದ್ದೇನೆ. ಅಳುವಾಗ ನಾನು ಇಷ್ಟು ಚೆನ್ನಾಗಿ ಕಾಣುತ್ತೇನೆ ಅಂತ ಈ ವಯಸ್ಸಿನವರೆಗೂ ನನಗೆ ಯಾರೂ ಹೇಳಿರಲಿಲ್ಲ.