ಉಂಡದ್ದು ಮೈಗೆ ಹತ್ತದ ಕಾರು

ಭಾನುವಾರ, ಬೆಳಗ್ಗೆ ಆರು ಗಂಟೆ. ಸ್ಥಳ: ವಿಲೆ ಪಾರ್ಲೆಯ ನಮ್ಮ ಬಿಲ್ಡಿಂಗಿನ ಪಾರ್ಕಿಂಗು. ಹಾಜರಿದ್ದವರು: ನಾನು, ವಾಚ್‌ಮನ್ ಯಲ್ಲಪ್ಪ ಮತ್ತು ಒಂದು ಬೂದು ಬಣ್ಣದ ಕಾರು. ಹೀಗೆ ಶುರುಮಾಡಿದ್ದಕ್ಕೆ ಓದುಗರು ಕ್ಷಮಿಸಬೇಕು. ಆಸ್ಪತ್ರೆಯಲ್ಲಿ ನರ್ಸಾಗಿ ಸೇರಿ ಮೇಟ್ರನ್ ಆಗಿ ನಿವೃತ್ತಳಾದವಳು ನಾನು. ದಿನ, ಹೊತ್ತು, ಹಾಜರಿ ಹೇಳದೆ ನನಗೆ ಮಾತು ಹೊರಡುವುದಿಲ್ಲ. ಮನೆಯಲ್ಲಿ ಹಾಲು ಉಕ್ಕಿದರೂ ಮೊದಲು ಗಡಿಯಾರ ನೋಡಿ ಆಮೇಲೆ ಗ್ಯಾಸ್ ಆರಿಸುತ್ತೇನೆ. ಬಿಲ್ಡಿಂಗಿನವರು ನನ್ನನ್ನು ಸೊಸೈಟಿಯ ಕಾರ್ಯದರ್ಶಿ ಮಾಡಿದ್ದು ಈ ಗುಣ ಕಂಡು. ಈಗ ಪಶ್ಚಾತ್ತಾಪ ಪಡುತ್ತಿರುವುದೂ ಇದೇ ಗುಣ ಕಂಡು. ನೀರು, ಲಿಫ್ಟು, ದೀಪ, ಗೇಟು, ಎಲ್ಲಕ್ಕೂ ನಾನು ವೇಳೆ ಗೊತ್ತುಮಾಡಿದ್ದೇನೆ.

ಕಾರು ಬೇಕಾಗಿದ್ದು ನಮ್ಮ ಯಜಮಾನರಿಗಾಗಿ. ಧಾರಾವಿಯ ಕನ್ನಡ ರಾತ್ರಿಶಾಲೆಯಲ್ಲಿ ಮಾಸ್ತರರಾಗಿದ್ದವರು. ಮೊಣಕಾಲಿನ ಆಪರೇಷನ್ ಆದಮೇಲೆ ಹೊರಗೆ ಕಾಲಿಟ್ಟಿರಲಿಲ್ಲ. ಆಟೋದಲ್ಲಿ ಕಾಲು ಮಡಚಲಾಗದು, ಎತ್ತರದ ಗಾಡಿಗೆ ಏರಲಾಗದು, ಲೋಕಲ್ ರೈಲಿನ ಮಾತಂತೂ ಬೇಡ. ಬಾಲ್ಕನಿಯ ಕುರ್ಚಿಯೇ ಊರಾಗಿಬಿಟ್ಟಿತ್ತು. ಹಳೆಯ ವಿದ್ಯಾರ್ಥಿಗಳು ಈ ಭಾನುವಾರ ಹನ್ನೊಂದಕ್ಕೆ ಆ ಶಾಲೆಯಲ್ಲೇ ಸೇರುತ್ತೇವೆ, ಮಾಸ್ತರರು ಬರಲೇಬೇಕು ಎಂದಾಗ ಇವರು ಮೊದಲು ಒಲ್ಲೆ ಎಂದರು. ಕಾರಿನ ಸುದ್ದಿ ಕೇಳಿದ ಮೇಲೆ ಹೂಂ ಅಂದರು. ಆ ಹೂಂ ಇನ್ನೊಮ್ಮೆ ಒಲ್ಲೆ ಆದರೆ ಮತ್ತೆಂದೂ ಹೂಂ ಆಗದೆಂಬುದು ನನಗೆ ಗೊತ್ತಿತ್ತು.

ಕಾರು ಜೋಗೇಶ್ವರಿಯ ಶೆಟ್ಟರದು, ಮಾರಾಟಕ್ಕಿತ್ತು. ಮದುವೆ ಮನೆಗಳಿಗೆ ಅಡುಗೆ ಒದಗಿಸುವವರು, ಪಾತ್ರೆ ಸಾಗಿಸಲಿಕ್ಕೆಂದು ಇಟ್ಟುಕೊಂಡಿದ್ದರು. ಕರೆಂಟಿನ ಗಾಡಿ, ಅದರಲ್ಲೂ ಎಸ್ಟೇಟ್ ಕಾರು. ಅಂದರೆ ತಗ್ಗಾಗಿದ್ದು ಹಿಂದೆ ಉದ್ದನೆಯ ಡಿಕ್ಕಿ ಇರುವಂಥದ್ದು. ಏರಬೇಕಿಲ್ಲ, ಬಗ್ಗಬೇಕಿಲ್ಲ, ಸುಮ್ಮನೆ ಕೂತರಾಯಿತು. ವೀಲ್‌ಚೇರ್ ಹಿಂದೆ ಆರಾಮವಾಗಿ ಮಲಗುತ್ತದೆ. ಡಿಕ್ಕಿಯಲ್ಲಿ ಸಾಂಬಾರಿನ ವಾಸನೆ ಇದೆ, ಅದು ದೋಷವಲ್ಲ. ಆದರೆ ಕಂಪನಿ ಹೊಸದು. ಹೆಸರು ಹೇಳಿದ್ದಕ್ಕೆ ನನ್ನ ಅಣ್ಣನ ಮಗಳು, "ಅವರು ಮಿಕ್ಸರ್ ಮಾಡ್ತಾರಲ್ಲ ಅತ್ತೆ?" ಎಂದಳು. ಮೇಲಾಗಿ ಸ್ಟಾರ್ಟ್ ಮಾಡಿದರೆ ಸದ್ದೇ ಇಲ್ಲ. ಕೂಗಾಡುವ ರೋಗಿಗೆ ನರ್ಸು ಹೆದರುವುದಿಲ್ಲ. ಸದ್ದಿಲ್ಲದೆ ಮಲಗಿದವನ ಹತ್ತಿರವೇ ಎರಡೆರಡು ಸಲ ಹೋಗಬೇಕಾಗುತ್ತದೆ.

ಶೆಟ್ಟರು ಶನಿವಾರ ಸಂಜೆ ಕಾರು ತಂದು ನಿಲ್ಲಿಸಿ, "ಒಂದು ರಾತ್ರಿ ಇಟ್ಟು ನೋಡಿ ಮೇಡಮ್. ಚಾರ್ಜಿಗೆ ಹಾಕಿ, ಬೆಳಗ್ಗೆ ಫುಲ್ ಆಗ್ತದೆ. ಬೇಡ ಅಂತಾದ್ರೆ ಹತ್ತರ ಒಳಗೆ ಹೇಳಿ, ಕೊಳ್ಳಲಿಕ್ಕೆ ಥಾಣೆಯ ಪಾರ್ಟಿ ಕಾಯ್ತಾ ಉಂಟು" ಎಂದು ಹೋದರು. ಬ್ಯಾಟರಿ ಇಪ್ಪತ್ತೆರಡು ಪರ್ಸೆಂಟ್ ತೋರಿಸುತ್ತಿತ್ತು. ಬಿಲ್ಲು ನಾನೇ ಕಟ್ಟುತ್ತೇನೆಂದು ಅಧ್ಯಕ್ಷರ ಒಪ್ಪಿಗೆ ಪಡೆದು, ಎಂಟಕ್ಕೆ ಪಾರ್ಕಿಂಗಿನ ಪ್ಲಗ್ಗಿಗೆ ಸಿಕ್ಕಿಸಿದೆ. ಎಂಟೂವರೆಗೆ ಮತ್ತೆ ಇಳಿದು ನೋಡಿದರೆ ಹಸಿರು ದೀಪ ಮಿನುಗುತ್ತಿತ್ತು. ನಿಶ್ಚಿಂತೆಯಿಂದ ಮಲಗಿದೆ.

ಬೆಳಗ್ಗೆ ನೋಡಿದರೆ ಇಪ್ಪತ್ತಾರು. ದೀಪ ಆರಿತ್ತು. ಇಡೀ ರಾತ್ರಿ ಉಣಿಸಿದ್ದಕ್ಕೆ ನಾಲ್ಕೇ ನಾಲ್ಕು.

ಮೇಲೆ ಬಂದೆ. ಇವರು ಆಗಲೇ ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಾಗಿಲಿಗೆ ಮುಖ ಮಾಡಿ ಕೂತಿದ್ದರು.

"ಏನಂತದ ನಿನ್ನ ಪೇಷಂಟು?"

"ಉಂಡದ್ದು ಮೈಗೆ ಹತ್ತಿಲ್ರಿ."

"ಹೋಗ್ಲಿ ಬಿಡು. ಹುಡುಗರಿಗೆ ಫೋನ್ ಮಾಡಿ ಹೇಳಿಬಿಡ್ತೀನಿ" ಎಂದು ಕೊರಳ ಗುಂಡಿಗೆ ಕೈ ಹಾಕಿದರು. ಅವರ ಹುಡುಗರಿಗೆಲ್ಲ ಈಗ ತಲೆ ನೆರೆತಿದೆ.

"ಗುಂಡಿ ಬಿಚ್ಚಬ್ಯಾಡ್ರಿ. ಹತ್ತರ ತನಕ ಟೈಮ್ ಅದ" ಎಂದೆ. ಧ್ವನಿ ವಾರ್ಡಿನದು.

ಫೋನ್ ಮಾಡಿದ್ದಕ್ಕೆ ಶೆಟ್ಟರು ಎಂಟೂವರೆಗೆ ಆಟೋ ಹಿಡಿದು ಬಂದರು. ಅವರು ಇಳಿಯುವ ಮೊದಲೇ ನಾನು ಶುರುಮಾಡಿದೆ: ಸತ್ತ ಬ್ಯಾಟರಿ ಕೊಟ್ಟಿದ್ದೀರಿ, ಮುದುಕರನ್ನು ನೋಡಿ ಮೋಸ ಮಾಡಿದ್ದೀರಿ, ಒಬ್ಬರು ಅಲ್ಲಿ ಅಂಗಿ ತೊಟ್ಟು ಕೂತಿದ್ದಾರೆ. ಮೂರನೇ ಮಹಡಿಯ ಜೋಶಿ ಚಹಾದ ಕಪ್ಪು ಹಿಡಿದು ಗ್ಯಾಲರಿಗೆ ಬಂದು ನಿಂತ. ನನ್ನ ಜಗಳಗಳನ್ನು ಆತ ತಪ್ಪಿಸುವುದಿಲ್ಲ.

"ಒಂದು ನಿಮಿಷ ನಿಲ್ಲಿ ಮಾರಾಯ್ರೆ" ಎಂದು ಶೆಟ್ಟರು ಬಗ್ಗಿ ನೋಡಿದರು. "ಇದು ಎಂತದು? ಪ್ಲಗ್ಗಿಗೆ ಕರೆಂಟೇ ಇಲ್ಲ."

ನಾನು ಯಲ್ಲಪ್ಪನ ಕಡೆ ತಿರುಗಿದೆ. "ಕರೆಂಟ್ ಯಾರು ತೆಗೆದರು?"

"ನಾನ್ರಿ ಅಕ್ಕಾರ" ಎಂದ, ಬಹುಮಾನಕ್ಕೆ ನಿಂತವನ ಹಾಗೆ. "ರಾತ್ರಿ ಒಂಬತ್ತಕ್ಕ ಬಂದ್, ಮುಂಜಾನೆ ಒಂಬತ್ತಕ್ಕ ಚಾಲೂ. ಹೋದ ತಿಂಗಳ ಮರ್ತಾಗ ಬೈದಿದ್ರಲ್ರಿ ನೀವು. ಯಾರ ಗಾಡಿ ಇದ್ರೂ ಬಂದ್ ಅಂದಿದ್ರಿ."

ಅಂದಿದ್ದೆ. ಈ ಜೋಶಿ ತನ್ನ ಕರೆಂಟಿನ ಸ್ಕೂಟರನ್ನು ರಾತ್ರಿಯೆಲ್ಲ ಸೊಸೈಟಿಯ ಪ್ಲಗ್ಗಿಗೆ ಹಾಕುತ್ತಾನೆಂದು ಮೀಟಿಂಗಿನಲ್ಲಿ ಗುಡುಗಿ, ಪ್ಲಗ್ಗುಗಳಿಗೆಲ್ಲ ಸೇರಿ ಇರುವ ಒಂದೇ ಸ್ವಿಚ್ಚಿಗೆ ಈ ವೇಳೆ ಗೊತ್ತುಮಾಡಿದವಳು ನಾನೇ. ಬಿಲ್ಲು ಕಟ್ಟುತ್ತೇನೆಂದು ಆತನೂ ಆಗ ಬೇಡಿಕೊಂಡಿದ್ದ. ನಿಯಮ ಎಂದರೆ ನಿಯಮ ಎಂದಿದ್ದೆ. ಮೇಲೆ ಚಹಾ ಹೀರುವ ಸದ್ದು ಸ್ವಲ್ಪ ಜೋರಾಗಿಯೇ ಕೇಳಿಸಿತು.

ಶೆಟ್ಟರು ನಗಲಿಲ್ಲ, ದೊಡ್ಡ ಮನುಷ್ಯರು. "ಇಪ್ಪತ್ತಾರರಲ್ಲಿ ಧಾರಾವಿಗೆ ಎರಡು ಸಲ ಹೋಗಿ ಬರ್ಬಹುದು ಮೇಡಮ್. ಮೊದಲು ಅವರನ್ನು ಕರ್ಕೊಂಡು ಬನ್ನಿ."

ನಾನೇ ಓಡಿಸಿದೆ. ರಸ್ತೆಗಿಂತ ಹೆಚ್ಚು ಆ ಅಂಕಿಯನ್ನೇ ನೋಡುತ್ತಿದ್ದೆ. ಬಾಂದ್ರಾದ ಸಿಗ್ನಲ್ಲಿನಲ್ಲಿ ಕಾರು ಎಷ್ಟು ಸುಮ್ಮನೆ ನಿಂತಿತೆಂದರೆ, ಜೀವ ಹೋಯಿತೆಂದೇ ತಿಳಿದು ಸ್ಟೀರಿಂಗಿನ ಮೇಲೆ ಕೈಯಿಟ್ಟು ನಾಡಿ ಹುಡುಕಿದೆ. "ಅದು ಆರಾಮ ಅದ. ನೀ ಉಸಿರು ಬಿಡು" ಎಂದರು ಇವರು. ಹನ್ನೊಂದಕ್ಕೆ ಮುಂಚೆಯೇ ಮುಟ್ಟಿದೆವು. ಬಾಗಿಲು ತೆಗೆದದ್ದೇ ತಡ, ತಲೆ ನೆರೆತ ಹುಡುಗರು ಮುತ್ತಿಕೊಂಡರು. ವೀಲ್‌ಚೇರ್ ಡಿಕ್ಕಿಯಲ್ಲೇ ಉಳಿಯಿತು. ಇವರು ಇಬ್ಬರ ಹೆಗಲು ಹಿಡಿದು ನಡೆದರು. ನಾನು ಅಲ್ಲಿಂದಲೇ ಶೆಟ್ಟರಿಗೆ ಫೋನ್ ಮಾಡಿ ಕಾರು ನಮ್ಮದೆಂದೆ.

ರಾತ್ರಿ ಒಂಬತ್ತಕ್ಕೆ ಯಲ್ಲಪ್ಪ ಸ್ವಿಚ್ಚಿನ ಪಕ್ಕ ಕೈ ಎತ್ತಿ ನಿಂತು ನನ್ನ ಮುಖ ನೋಡಿದ. ನಾನು ಕಾರಿನ ಮುಖ ನೋಡಿದೆ. "ಇವತ್ತ ಇರಲಿ" ಎಂದೆ. ಲಿಫ್ಟು ಇಳಿದ ಸದ್ದಾಯಿತು. ಜೋಶಿ, ಕೈಯಲ್ಲಿ ಚಾರ್ಜರು.

"ಮ್ಯಾಡಮ್, ಬಾಜೂವಾಲಾ ಪ್ಲಗ್ ಖಾಲಿ ಹೈ ಕ್ಯಾ?" ಬಹಳ ವಿನಯದಿಂದ ಕೇಳಿದ.

ಪಕ್ಕದ ಪ್ಲಗ್ಗು ಖಾಲಿ ಇತ್ತು. ಆತ ಸಿಕ್ಕಿಸಿದ್ದು ಸಡಿಲಾಗಿತ್ತು, ದೀಪ ಬರಲಿಲ್ಲ. ಸಡಿಲ ಬಿಟ್ಟು ಹೋಗುವುದು ನನ್ನ ಸ್ವಭಾವವಲ್ಲ. ನಾನೇ ಬಗ್ಗಿ ಒತ್ತಿ ಕೂರಿಸಿದೆ. ಜೋಶಿಯ ಸ್ಕೂಟರಿಗೆ ಹಸಿರು ದೀಪ ಬಂದಮೇಲೆ ಮೇಲೆ ಹೋಗಿ ಮಲಗಿದೆ.